ಗೋಡೆಗೂ ಒಂದು ಆರತಿ

ತುಮಕೂರಿಗೆ ಮೆಟ್ರೋ ಬಂದು ನಾಲ್ಕು ವರ್ಷವಾದ ಮೇಲಿನ ಮಾತಿದು. ಗೋಡೆಗೆ ಹಸಿವಾಗುತ್ತದೆ, ಗೋಡೆ ಉಸಿರಾಡುತ್ತದೆ, ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ ಎಂದು ಯಾರಾದರೂ ನನ್ನ ತರಗತಿಯಲ್ಲಿ ಪ್ರಬಂಧ ಬರೆದಿದ್ದರೆ, ‘ಕಲ್ಪನೆ ಚೆನ್ನಾಗಿದೆ, ವಿಷಯ ಬಿಟ್ಟು ಹೋಗಿದ್ದೀಯ’ ಎಂದು ಕೆಂಪು ಶಾಯಿಯಲ್ಲಿ ಗೀಚಿ ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆ. ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿದವನು ನಾನು. ನಿವೃತ್ತನಾದ ಮೇಲೆ ಅಂಥದೇ ಗೋಡೆಗಳ ನಡುವೆ ಸಂಸಾರ ಮಾಡುತ್ತೇನೆಂದು, ಅವುಗಳ ಪರವಾಗಿ ಊರೆಲ್ಲರ ಜೊತೆ ಜಗಳಕ್ಕೆ ನಿಲ್ಲುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಮಾನಿಕೆರೆಯ ಆಚೆ ಎದ್ದಿರುವ ಮೂವತ್ತೊಂದು ಮಹಡಿಯ ‘ಮೇಘಮಂದಾರ’ದಲ್ಲಿ ಹದಿನಾಲ್ಕನೆಯ ಮಹಡಿ ನಮ್ಮದು. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಗೌರಾಂಬ. ಇದಕ್ಕೂ ಮೊದಲು ಎರಡು ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗಿದ್ದು ಬುದ್ಧಿ ಕಲಿತಿದ್ದೆವು. ಒಂದರಲ್ಲಿ ಟೈಲ್ಸ್ ಮೇಲೆ ಕಾಲಿಟ್ಟರೆ ಅಡಿಯಲ್ಲಿ ಟೊಳ್ಳು ಸದ್ದು. ಇನ್ನೊಂದರಲ್ಲಿ ಆಷಾಢದಲ್ಲಿ ಉಬ್ಬಿದ ಬಚ್ಚಲ ಬಾಗಿಲು ದೀಪಾವಳಿಯವರೆಗೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಸ್ನಾನಕ್ಕೆ ಹೋದವರು ಒಳಗಿಂದ ಹಾಡು ಹೇಳುತ್ತಿರಬೇಕಿತ್ತು. ಪಕ್ಕದ ಮನೆಯವರು ಸೀನಿದರೆ ನಾವು ಇಲ್ಲಿಂದಲೇ ‘ಚಿರಂಜೀವಿ’ ಎನ್ನುತ್ತಿದ್ದೆವು, ಗೋಡೆ ಅಷ್ಟು ತೆಳು. ಹಾಗಾಗಿ ಮೇಘಮಂದಾರದ ಗೋಡೆಯನ್ನು ಮೊದಲ ದಿನ ಬೆರಳಿನಿಂದ ತಟ್ಟಿ ನೋಡಿದ ಗೌರಾಂಬ, “ರೀ, ಇದು ಗೋಡೆ” ಎಂದಿದ್ದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮಗೆ ಬೇಕಿರಲಿಲ್ಲ.

ಆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಇಲ್ಲ, ಪೇಂಟೂ ಇಲ್ಲ. ಎರಡು ಬೆರಳು ದಪ್ಪದ ಜೀವಗಾರೆ. ಸುಣ್ಣ, ಮರಳು, ಅದರೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳು. ಎತ್ತರದ ಕಟ್ಟಡ ಗಾಳಿಗೆ ದಿನವೂ ಒಂದಿಷ್ಟು ಓಲಾಡುತ್ತದಂತೆ, ಓಲಾಡಿದಾಗ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದಂತೆ. ಬಿರುಕಿನೊಳಕ್ಕೆ ಗಾಳಿಯ ತೇವ ಹೋದ ಕೂಡಲೇ ಮಲಗಿದ್ದ ಜೀವಾಣುಗಳು ಎದ್ದು, ಗಾರೆಯಲ್ಲೇ ಬೆರೆಸಿಟ್ಟ ಆಹಾರ ತಿಂದು, ಹೊಸ ಸುಣ್ಣದ ಕಲ್ಲನ್ನು ಕಟ್ಟಿ, ಬಿರುಕು ಮುಚ್ಚಿ ಮತ್ತೆ ಮಲಗುತ್ತವೆ. ಇಷ್ಟು ಶಿಸ್ತಿನ ವಿದ್ಯಾರ್ಥಿಗಳು ನನಗೆ ಒಂದು ಬ್ಯಾಚಿನಲ್ಲೂ ಸಿಕ್ಕಿರಲಿಲ್ಲ.

ಇದನ್ನು ಕಂಡುಹಿಡಿದವರು ಡಾಕ್ಟರ್ ವಿನುತಾ. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮಾತು ಕಡಿಮೆ, ನಡಿಗೆ ಜೋರು. ಹನ್ನೊಂದು ವರ್ಷ ಇದೊಂದೇ ಕೆಲಸ ಹಿಡಿದು ಕೂತವರು. ನಮ್ಮ ಕಟ್ಟಡದ ಒಂಬತ್ತನೆಯ ಮಹಡಿಯಲ್ಲೇ ಅವರ ಮನೆ, ನೆಲಮಾಳಿಗೆಯಲ್ಲಿ ಅವರ ಪ್ರಯೋಗಾಲಯ. ಅದನ್ನು ನಾವೆಲ್ಲ ‘ಗೋಡೆ ಕೋಣೆ’ ಎನ್ನುತ್ತೇವೆ. ಗಾರೆಯೊಳಗೆ ಹೂತಿಟ್ಟ ಸಣ್ಣ ತಂತಿಗಳ ಬಲೆ ಪ್ರತಿ ಗೋಡೆಯ ಉಸಿರಾಟವನ್ನು ಅಲ್ಲಿನ ದೊಡ್ಡ ಪರದೆಗೆ ಕಳಿಸುತ್ತದೆ. ಉಸಿರಾಡುವ ಗೋಡೆ ಹಸಿರು, ಬಳಲಿದ್ದು ಹಳದಿ, ಸತ್ತದ್ದು ಕಪ್ಪು.

ಮೊದಲ ವರ್ಷ ಪರದೆಯೆಲ್ಲ ಹಸಿರು. ಎರಡನೆಯ ವರ್ಷಕ್ಕೆ ಹಳದಿ ತಿರುಗಿತು, ಬಿರುಕುಗಳು ಮುಚ್ಚದೆ ಹಾಗೇ ಉಳಿದವು. ಇನ್ನೂರ ನಲವತ್ತೆಂಟು ಮನೆಗಳಲ್ಲಿ ಇನ್ನೂರ ನಲವತ್ತೈದಕ್ಕೆ ಬಿರುಕು. ಎಲ್ಲಕ್ಕಿಂತ ದೊಡ್ಡದು ಇಪ್ಪತ್ತೆರಡನೆಯ ಮಹಡಿಯ ಷಡಕ್ಷರಿಯವರ ಹಾಲಿನಲ್ಲಿ. ತಿಪಟೂರಿನ ಕೊಬ್ಬರಿ ವ್ಯಾಪಾರಿ. ದೊಡ್ಡ ದನಿ, ದೊಡ್ಡ ಮೀಸೆ, ಕೈಯೂ ದೊಡ್ಡದು. ಗೃಹಪ್ರವೇಶಕ್ಕೆ ಹಸುವನ್ನು ಲಿಫ್ಟಿನಲ್ಲಿ ಇಪ್ಪತ್ತೆರಡನೆಯ ಮಹಡಿಗೆ ಹತ್ತಿಸಿ, ನಾಲ್ಕು ದಿನ ಲಿಫ್ಟನ್ನು ತಾವೇ ತೊಳೆಸಿದ ಪುಣ್ಯಾತ್ಮ. ಒಂದು ಬೆಳಗ್ಗೆ ತಮ್ಮ ಗೋಡೆಯ ಬಿರುಕಿನೊಳಗೆ ಮದುವೆ ಕರೆಯೋಲೆ ತೂರಿಸಿ, ಅದು ಅಲ್ಲೇ ನಿಂತಿರುವ ಫೋಟೋ ತೆಗೆದು ಎಲ್ಲರ ಫೋನಿಗೂ ಕಳಿಸಿದರು.

“ಮೇಷ್ಟ್ರೇ, ಈ ಹುಳ ಬಿದ್ದ ಗಾರೇನೆಲ್ಲ ಕೆರೆದಾಕ್ಸಿ ಅತ್ಲಾಗೆ. ಇಟಲಿ ಹಲಗೆ ಹೊಡ್ಸಾಣ. ಕನ್ನಡಿ ಇದ್ದಂಗೆ ಇರ್ತದೆ, ಬಿರುಕೂ ಇಲ್ಲ ಗಿರುಕೂ ಇಲ್ಲ” ಎಂದು ನನ್ನನ್ನು ಹಿಡಿದುಕೊಂಡರು. ನಿವಾಸಿಗಳ ಸಂಘದ ಕಾರ್ಯದರ್ಶಿ ನಾನು. ಕೆರೆಯ ಸುತ್ತ ಏಳುತ್ತಿದ್ದ ಇನ್ನೂ ಏಳು ಕಟ್ಟಡಗಳವರು ನಮ್ಮ ಕಡೆ ಕಣ್ಣಿಟ್ಟು ಕೂತಿದ್ದರು. ನಾವು ಗಾರೆ ಕೆರೆದರೆ ಅವರು ಮುಟ್ಟುವುದಿಲ್ಲ. ಗೋಡೆ ಕೋಣೆಗೆ ಬೀಗ, ವಿನುತಾ ಅವರ ಹನ್ನೊಂದು ವರ್ಷ ಕಸದ ಲಾರಿಗೆ. ಆದರೂ ಭಾನುವಾರದ ಸಭೆಗೆ ‘ಜೀವಗಾರೆ ತೆಗೆಸುವ ಬಗ್ಗೆ ಮತದಾನ’ ಎಂದು ನೋಟಿಸ್ ಬರೆದು ಸಹಿ ಹಾಕಿದವನು ನಾನೇ. ನನ್ನ ಹಾಲಿನ ಗೋಡೆಯಲ್ಲೂ ಬಿರುಕಿತ್ತಲ್ಲ.

ಅದಕ್ಕಿಂತ ಕೆಟ್ಟದ್ದೊಂದು ಗುಸುಗುಸು ಶುರುವಾಗಿತ್ತು. ಬಿರುಕು ಬಿಡದ ಮೂರು ಮನೆಗಳಲ್ಲಿ ಒಂದು ಸ್ವತಃ ವಿನುತಾ ಅವರದು. ‘ತಮ್ಮ ಮನೆಗೆ ಒಳ್ಳೆ ಮಾಲು ಹಾಕ್ಕೊಂಡಿದ್ದಾರೆ’ ಎಂದು ಲಿಫ್ಟಿನಲ್ಲಿ ಮಾತು. ಅದನ್ನು ಕೇಳಿ ನನಗೆ ಮೈ ಉರಿಯಿತು. ಎರಡನೆಯದು ಹತ್ತೊಂಬತ್ತನೆಯ ಮಹಡಿಯ ಸ್ಯಾಮ್ಯುಯೆಲ್ ಅವರ ಮನೆ. ಅವರು ವಯಲಿನ್ ಪಾಠ ಮಾಡುತ್ತಾರೆ. ಮೂರನೆಯದು, ಯಾರೂ ವಾಸಕ್ಕೆ ಬಾರದೆ ಎರಡು ವರ್ಷದಿಂದ ಬೀಗ ಹಾಕಿದ್ದ ಮನೆ. ಖಾಲಿ ಮನೆಗೆ ಒಳ್ಳೆ ಮಾಲು ಹಾಕಿಸಿ ಯಾರಿಗೇನು ಲಾಭ ಎಂದು ನಾನು ಕೇಳಿದರೆ ಲಿಫ್ಟಿನಲ್ಲಿದ್ದವರೆಲ್ಲ ಮಹಡಿಯ ನಂಬರು ನೋಡತೊಡಗಿದರು.

ಮಂಗಳವಾರ ಬೆಳಗ್ಗೆ ಗೋಡೆ ಕೋಣೆಗೆ ಇಳಿದೆ. ವಿನುತಾ ಮರಳಿನ ಡಬ್ಬಿ, ಸುಣ್ಣದ ಡಬ್ಬಿ, ನೀರಿನ ಸೀಸೆಗಳ ನಡುವೆ ಕೂತಿದ್ದರು. ಮುಖ ಬಾಡಿತ್ತು.

“ಎಲ್ಲಾ ಪರೀಕ್ಷೆ ಮಾಡ್ದೆ ಸರ್. ಮರಳು ಸರಿ ಇದೆ, ಸುಣ್ಣ ಸರಿ ಇದೆ. ಒಂದೇ ದಿನ, ಒಂದೇ ಮೇಸ್ತ್ರಿ ಬಳಿದ ಎರಡು ಮನೇಲಿ ಒಂದು ಬದುಕಿದೆ, ಒಂದು ಸಾಯ್ತಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ.”

“ನಿಮ್ಮ ಮನೆ ಗೋಡೆ ಬದುಕಿರೋದಕ್ಕೆ ಜನ ಏನೇನೋ ಅಂತಿದ್ದಾರಮ್ಮ.”

“ಗೊತ್ತು” ಎಂದರು. ಸೀಸೆಗಳನ್ನು ಪಕ್ಕಕ್ಕೆ ಸರಿಸಿ, “ನಿಮ್ಮ ಮನೆ ಗೋಡೆದು ಸೂಕ್ಷ್ಮ ಚಿತ್ರ ತೆಗೀಲಾ ಸರ್? ಇಷ್ಟು ದಿನ ಇಡೀ ಗೋಡೆಗೆ ಒಂದೇ ಅಂಕಿ ನೋಡ್ತಿದ್ದೆ. ಬಲೆಯ ಒಂದೊಂದೇ ಕಣ್ಣನ್ನ ಓದೋಕೆ ಮೂರು ಗಂಟೆ ಬೇಕು, ಮನೆಯವರ ಒಪ್ಪಿಗೆನೂ ಬೇಕು. ಈಗ ಯಾರೂ ಒಪ್ತಿಲ್ಲ” ಎಂದು ಕೇಳಿದರು.

ನಾನು ಒಪ್ಪಿದೆ. ಚಿತ್ರ ಒಂದೊಂದೇ ಗೆರೆಯಾಗಿ ಪರದೆಯ ಮೇಲೆ ಇಳಿಯುತ್ತಾ ಹೋಯಿತು. ಮಧ್ಯಾಹ್ನವಾದರೂ ನಾನು ಮೇಲೆ ಬರಲಿಲ್ಲವೆಂದು ಗೌರಾಂಬ ಚಿತ್ರಾನ್ನದ ಡಬ್ಬಿ ಹಿಡಿದು ಕೆಳಗೆ ಬಂದು ನಮ್ಮಿಬ್ಬರಿಗೂ ಬಡಿಸಿದಳು. ಅಷ್ಟರಲ್ಲಿ ನಮ್ಮ ಹಾಲಿನ ಪೂರ್ವದ ಗೋಡೆ ಪೂರ್ತಿ ಮೂಡಿತ್ತು. ಹಸಿರಿನ ನಡುವೆ, ಎದೆಯೆತ್ತರದಲ್ಲಿ, ಅಕ್ಕಪಕ್ಕ ಮೂರು ಕಪ್ಪು ಚುಕ್ಕೆ. ಚುಕ್ಕೆಗಳ ಸುತ್ತ ಉಜ್ಜಿದಂತೆ ಹರಡಿದ ಹಳದಿ. ಅಲ್ಲಿಂದಲೇ ಬಿರುಕು ಹೊರಟಿತ್ತು.

“ಕಾಯಿಲೆ ಹೀಗೆ ಸಾಲಾಗಿ ಯಾಕೆ ಬರುತ್ತೆ?” ವಿನುತಾ ತಮ್ಮಷ್ಟಕ್ಕೆ ಹೇಳಿಕೊಂಡರು.

ಗೌರಾಂಬ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಹೋದಳು. “ಅಯ್ಯೋ, ಇದು ನಾನಿಟ್ಟ ಅರಿಶಿನ ಅಲ್ವೇನ್ರೀ? ಗೃಹಪ್ರವೇಶದ ದಿನ ನಾಲ್ಕೂ ಗೋಡೆಗೆ ಮೂರು ಮೂರು ಬೊಟ್ಟು ಇಟ್ಟೆ. ಮೂರನೇದು ಸೊಟ್ಟಕ್ಕಿದೆ ನೋಡಿ. ಆವತ್ತು ನಂಗೆ ಮಣಿಕಟ್ಟು ಉಳುಕಿತ್ತು. ಆಮೇಲೆ ಕಲೆ ಕಾಣ್ಬಾರ್ದು ಅಂತ ಒದ್ದೆ ಬಟ್ಟೇಲಿ ಒರೆಸ್ದೆ, ಇನ್ನಷ್ಟು ಹರಡ್ತು.”

ವಿನುತಾ ಕೈಯಲ್ಲಿದ್ದ ಚಿತ್ರಾನ್ನದ ತುತ್ತು ಕೈಯಲ್ಲೇ ನಿಂತಿತು. ಹಳದಿ ಅನ್ನವನ್ನು ನೋಡಿದರು, ಪರದೆ ನೋಡಿದರು, ಮತ್ತೆ ಅನ್ನ ನೋಡಿದರು.

“ಆಂಟಿ! ಅರಿಶಿನ ಜೀವಾಣು ಕೊಲ್ಲುತ್ತೆ! ಬಿದ್ದು ಮಂಡಿ ತರಚಿಕೊಂಡಾಗಲೆಲ್ಲ ಅಮ್ಮ ಅರಿಶಿನಾನೇ ಮೆತ್ತೋರು. ಗಾಯಕ್ಕೆ ಹಚ್ಕೊಂಡು ಬೆಳೆದವಳು ನಾನು, ಗೋಡೆಗೆ ಹಚ್ತಾರೆ ಅನ್ನೋದು ಹನ್ನೊಂದು ವರ್ಷದಲ್ಲಿ ಒಂದ್ಸಲ ಹೊಳೀಲಿಲ್ಲ.” ಅಷ್ಟು ಹೇಳಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಎಲ್ಲವೂ ಒಂದೊಂದಾಗಿ ಕೂಡಿಕೊಂಡಿತು. ಸ್ಯಾಮ್ಯುಯೆಲ್ ಅವರ ಮನೆಗೆ ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿ ಹೋಗಿದ್ದರು, ಅರಿಶಿನದ ಸುದ್ದಿಯಿಲ್ಲ. ಬೀಗ ಹಾಕಿದ ಮನೆಗೆ ಪೂಜೆಯೇ ಆಗಿಲ್ಲ. ಷಡಕ್ಷರಿಯವರು ಮಾಡಿದ್ದೆಲ್ಲ ದೊಡ್ಡದಾಗಿಯೇ ಆದ್ದರಿಂದ ಬೊಟ್ಟು ಸಾಲದೆಂದು ಕೊಳಗದಲ್ಲಿ ಅರಿಶಿನದ ನೀರು ಕಲಸಿ ಮಾವಿನೆಲೆಯಲ್ಲಿ ಗೋಡೆಗೆಲ್ಲ ಚಿಮುಕಿಸಿದ್ದರು. ಭಕ್ತಿಗೆ ತಕ್ಕ ಬಿರುಕು.

“ಹಾಗಾದ್ರೆ ನಿಮ್ಮ ಮನೆ?” ಎಂದೆ.

“ನಾನು ಗೃಹಪ್ರವೇಶ ಮಾಡಿಲ್ಲ ಸರ್” ಎಂದು ವಿನುತಾ ತಲೆ ತಗ್ಗಿಸಿದರು. “ಒಂದು ಸೂಟ್‌ಕೇಸ್ ಹಿಡ್ಕೊಂಡು ಬಂದೆ, ಕೆಟಲ್‌ನಲ್ಲಿ ಹಾಲು ಕಾಯಿಸಿ ಕುಡಿದೆ, ಅಷ್ಟೇ. ಗೋಡೆ ನಿಲ್ಲುತ್ತೆ ಅಂತ ನಂಗೇ ಖಾತ್ರಿ ಇರ್ಲಿಲ್ಲ. ಇನ್ನೂರು ಮನೆಯವರು ನನ್ನ ನಂಬಿ ಹಾಲುಕ್ಕಿಸಿದ್ರು. ಅದು ನಿಂತ ಮೇಲೆ ನಾನು ಮಾಡ್ಕೊಂಡರಾಯ್ತು ಅಂತಿದ್ದೆ.”

ಗೌರಾಂಬ ಅವರ ತಟ್ಟೆಗೆ ಇನ್ನೊಂದು ಸೌಟು ಚಿತ್ರಾನ್ನ ಬಡಿಸಿದಳು.

ಕಾರಣ ಸಿಕ್ಕಿತು, ಮದ್ದು ಸಿಗಬೇಕಿತ್ತು. ವಿನುತಾ ನಮ್ಮ ಜೊತೆಗೇ ಮನೆಗೆ ಬಂದರು. ಗೋಡೆಯ ಮುಂದೆ ಕೈಕಟ್ಟಿ ನಿಂತು, “ಸಂಘದಿಂದ ನಿಯಮ ಮಾಡ್ಬಿಡಿ ಸರ್. ಗೋಡೆಗೆ ಅರಿಶಿನ ನಿಷೇಧ” ಎಂದರು.

“ಆ ಮಾತು ಸಭೇಲಿ ಆಡಿದ್ರೆ ಗಾರೆ ಜೊತೆ ನಮ್ಮನ್ನೂ ಕೆರೆದು ಹಾಕ್ತಾರೆ” ಎಂದೆ ನಾನು. ಒಂದು ಪ್ರಶ್ನೆಯೂ ನನ್ನನ್ನು ಕಾಡುತ್ತಿತ್ತು. “ಅಲ್ಲಮ್ಮ, ಸುಣ್ಣ ಮುಟ್ಟಿದ್ರೆ ಅರಿಶಿನ ಕೆಂಪಾಗಬೇಕಲ್ವಾ? ನಮ್ಮ ಗೋಡೇಲಿ ಹಳದಿಯಾಗೇ ಇತ್ತು.”

“ಮೇಲ್ಪದರದ ಸುಣ್ಣಾನೆಲ್ಲ ಜೀವಾಣು ಮೊದಲ ತಿಂಗಳಲ್ಲೇ ಕಲ್ಲು ಮಾಡಿರುತ್ತೆ ಸರ್. ಹಸಿ ಸುಣ್ಣ ಉಳಿದಿದ್ರೆ ಅರಿಶಿನದ ಶಕ್ತಿ ಅಲ್ಲೇ ಮುರಿದು…” ಎನ್ನುತ್ತಿದ್ದವರು ಮಾತು ನಿಲ್ಲಿಸಿದರು.

ಗೌರಾಂಬ ಆಗಲೇ ಅಡಿಗೆಮನೆಯಲ್ಲಿದ್ದಳು. ಎಲೆಯಡಿಕೆ ಡಬ್ಬಿಯಿಂದ ಚಿಟಿಕೆ ಸುಣ್ಣ ತೆಗೆದು ನೀರಿಗೆ ಕದಡಿ, ಬಟ್ಟೆ ಅದ್ದಿ ತಂದು ಗೋಡೆಯ ಮೇಲೆ ಒತ್ತಿದಳು. ಎರಡು ವರ್ಷದ ಹಿಂದೆ ಒರೆಸಿ ಮರೆತಿದ್ದ ಮೂರು ಬೊಟ್ಟುಗಳು ಕೆಂಪಗೆ ಎದ್ದು ಬಂದವು. ಮೂರನೆಯದು ಸೊಟ್ಟಗೆ.

“ಆರತಿ ನೀರು” ಎಂದಳು ಗೌರಾಂಬ. “ಹಸೆಮಣೆ ಮೇಲೆ ಕೂತೋರಿಗೆ, ಬಾಣಂತಿಗೆ, ಊರಿಂದ ಬಂದೋರಿಗೆ ಎಲ್ಲರಿಗೂ ಎತ್ತೀವಿ. ಗೋಡೆಗೆ ಎತ್ತಿರಲಿಲ್ಲ, ಅಷ್ಟೇ.”

ವಿನುತಾ ಗಡಿಯಾರ ನೋಡುತ್ತಾ ನಿಂತರು. ಹತ್ತು ಹನ್ನೆರಡು ನಿಮಿಷದಲ್ಲಿ ಕೆಂಪು ಕಂದಾಗಿ ಮಾಸುತ್ತಾ ಬಂತು. ಸುಣ್ಣದ ನೀರಿನಲ್ಲಿ ಅರಿಶಿನದ ಸತ್ವ ಬೇಗ ಒಡೆದುಹೋಗುತ್ತದೆ, ಜೀವಾಣುಗಳಿಗೆ ಮಾತ್ರ ಸುಣ್ಣವೆಂದರೆ ತವರುಮನೆ ಎಂದು ವಿವರಿಸಿದರು. ಪಕ್ಕದ ಹಸಿರು ಜಾಗದಿಂದ ಅವು ತಾವಾಗಿ ಈ ಕಡೆಗೆ ಬರುತ್ತವೆ, ದಾರಿಯಲ್ಲಿ ಊಟ ಸಿಗಬೇಕಷ್ಟೇ. ಕಾರ್ಖಾನೆಯಿಂದ ಆ ಆಹಾರದ ಪುಡಿ ತರಿಸಲು ಇಪ್ಪತ್ತು ದಿನ ಬೇಕಿತ್ತು. ಸಭೆಗೆ ಉಳಿದಿದ್ದು ಐದು ದಿನ.

“ಆ ಪುಡಿ ಯಾತರಿಂದ ಮಾಡ್ತಾರಮ್ಮ?” ಎಂದಳು ಗೌರಾಂಬ.

“ಹಾಲು ಹುಳಿಯಾದಾಗ ಬರೋ ಆಮ್ಲ ಇರುತ್ತಲ್ಲ ಆಂಟಿ, ಅದನ್ನ ಸುಣ್ಣದ ಜೊತೆ ಸೇರಿಸಿ…” ಎಂದ ವಿನುತಾ ಗೌರಾಂಬಳ ಮುಖ ನೋಡಿದರು.

ಫ್ರಿಜ್ಜಿನಲ್ಲಿ ಮೂರು ದಿನದ ಹುಳಿ ಮಜ್ಜಿಗೆಯಿತ್ತು. ಮಜ್ಜಿಗೆಹುಳಿ ಮಾಡಲು ಇಟ್ಟದ್ದು. ಆವತ್ತು ಅದು ಗೋಡೆಯ ಪಾಲಾಯಿತು. ಬಟ್ಟೆಯಲ್ಲಿ ಸೋಸಿ, ಸುಣ್ಣದ ತಿಳಿ ಬೆರೆಸಿ, ಪೇಂಟ್ ಬ್ರಶ್ಶಿನಲ್ಲಿ ಬಿರುಕಿಗೆ ತುಂಬಿದೆವು. ನಾನು ನನ್ನ ಹಳೆಯ ಸ್ಕೇಲ್ ತಂದು ಬಿರುಕಿಗೆ ಅಡ್ಡಲಾಗಿ ಹತ್ತು ಕಡೆ ಪೆನ್ಸಿಲ್ ಗೆರೆ ಎಳೆದು, ಪ್ರತಿ ಗೆರೆಯ ಪಕ್ಕ ಅಗಲ ಬರೆದಿಟ್ಟೆ. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ.

ಬುಧವಾರ ಏನೂ ಆಗಲಿಲ್ಲ. ಮನೆಯೆಲ್ಲ ಹುಳಿ ವಾಸನೆ. ಗುರುವಾರ ಎರಡು ಗೆರೆಯ ನಡುವೆ ಬಿಳಿ ಪುಡಿಯಂಥದ್ದು ಕಾಣಿಸಿತು. ಶುಕ್ರವಾರ ವಿನುತಾ ನಾಲ್ಕು ಸಲ ಬಂದರು. ಬಾಗಿಲು ತೆರೆದ ಕೂಡಲೇ ನಮ್ಮನ್ನು ಮಾತಾಡಿಸದೆ ಸೀದಾ ಗೋಡೆಯ ಹತ್ತಿರ ಹೋಗುತ್ತಿದ್ದರು. ಶನಿವಾರ ಸಂಜೆ ನಾನು ಭೂತಗನ್ನಡಿ ಹಿಡಿದು ಅಳೆದೆ. ಹತ್ತು ಗೆರೆಗಳಲ್ಲಿ ಒಂಬತ್ತರ ಬಳಿ ಬಿರುಕೇ ಇರಲಿಲ್ಲ. ಹತ್ತನೆಯದರ ಬಳಿ ಒಂದು ಉಗುರಿನಷ್ಟು ಉಳಿದಿತ್ತು. ಕೆಂಪು ಪೆನ್ನು ತಂದು ಗೋಡೆಯ ಮೇಲೆ ‘ಹತ್ತಕ್ಕೆ ಒಂಬತ್ತು’ ಎಂದು ಬರೆದೆ. ನನ್ನ ಸರ್ವೀಸಿನಲ್ಲಿ ಅಷ್ಟು ಅಂಕ ಪಡೆದವರು ವಿರಳ.

ಭಾನುವಾರದ ಸಭೆಗೆ ಇಡೀ ಕಟ್ಟಡ ಬಂದಿತ್ತು. ಷಡಕ್ಷರಿಯವರು ಇಟಲಿ ಹಲಗೆಯ ಒಂದು ತುಂಡನ್ನು ಎಲ್ಲರ ಕೈಗೂ ಕೊಟ್ಟು ಮುಟ್ಟಿಸಿದರು. ನುಣುಪಾಗಿತ್ತು, ಚೆನ್ನಾಗಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಸ್ಯಾಮ್ಯುಯೆಲ್ ಎದ್ದು, “ಹಲಗೆ ಹಾಕಿದ ಮನೇಲಿ ವಯಲಿನ್ ನುಡಿಸಿದ್ದೀನಿ. ಸ್ವರ ಗೋಡೆಗೆ ಬಡಿದು ನಮ್ಮ ಮೇಲೇ ಬೀಳುತ್ತೆ. ಈ ಗೋಡೆ ಕೇಳಿಸ್ಕೊಳ್ಳುತ್ತೆ” ಎಂದರು. “ಹಲಗೆ ಹಿಂದೆ ಜಿರಲೆ ಸೇರ್ಕೊಂಡ್ರೆ ಯಾರನ್ನ ಕೇಳೋದು?” ಎಂದು ಯಾರೋ, “ಕನಿಷ್ಠ ಬಿರುಕಿಲ್ಲವಲ್ಲ” ಎಂದು ಇನ್ಯಾರೋ. ಗದ್ದಲ ಏರಿತು.

ಆಗ ವಿನುತಾ ಎದ್ದು ನಿಂತರು. “ತಪ್ಪು ನಂದು” ಎಂದರು. “ಬಿಸಿಲು, ಮಳೆ, ಭೂಕಂಪ, ಎಲ್ಲ ಪರೀಕ್ಷೆ ಮಾಡಿದ್ದೆ. ಈ ಗೋಡೆಗಳ ಒಳಗೆ ನೀವು ಹೇಗೆ ಬದುಕ್ತೀರ ಅಂತ ಮಾತ್ರ ಕೇಳಿರಲಿಲ್ಲ.” ಆಮೇಲೆ ಅರಿಶಿನದ ವಿಷಯ ಬಿಡಿಸಿ ಹೇಳಿದರು.

ಷಡಕ್ಷರಿಯವರ ಮೀಸೆ ಕುಣಿಯಿತು. “ಅಂದ್ರೆ? ಹೊಸ ಮನೆಗೆ ಅರಿಶಿನ ಇಡಬ್ಯಾಡಿ ಅಂತೀರಾ? ಅದಾಗಾಕಿಲ್ಲ ತಾಯಿ!” ಹಿಂದಿನ ಸಾಲುಗಳಿಂದ ಅವರಿಗೆ ಚಪ್ಪಾಳೆ ಬಿತ್ತು. ಎಲ್ಲವೂ ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ಗೌರಾಂಬ ಕೂತಲ್ಲಿಂದಲೇ ದನಿ ಎತ್ತಿದಳು. “ಯಾರು ಬೇಡ ಅಂದೋರು ಷಡಕ್ಷರಿಯವರೇ? ಇಡಿ, ಕೈತುಂಬ ಇಡಿ. ಇಟ್ಟ ಮೇಲೆ ಗೋಡೆಗೂ ಒಂದು ಆರತಿ ಎತ್ತಿ, ಒಂದ್ಲೋಟ ಮಜ್ಜಿಗೆ ಕೊಡಿ. ಮನೆಗೆ ಬಂದೋರನ್ನ ಹಂಗೇ ಕಳಿಸ್ತೀರಾ ನೀವು?”

ಸಭೆ ಹೋ ಎಂದು ನಕ್ಕಿತು. ನಾನು ಎಲ್ಲರನ್ನೂ ಹದಿನಾಲ್ಕನೆಯ ಮಹಡಿಗೆ ಕರೆದೆ. ಲಿಫ್ಟಿನಲ್ಲಿ ಹತ್ತು ಹತ್ತು ಜನರಾಗಿ ಬಂದರು, ತಾಳ್ಮೆ ಇಲ್ಲದವರು ಮೆಟ್ಟಿಲು ಹತ್ತಿದರು. ಷಡಕ್ಷರಿಯವರು ಗೋಡೆಯ ಮುಂದೆ ನಿಂತು ಬಿರುಕಿದ್ದ ಜಾಗವನ್ನು ಉಗುರಿನಿಂದ ಕೆರೆದರು, ಬೆರಳಿನಿಂದ ತಟ್ಟಿದರು, ಕಿವಿಯಿಟ್ಟು ಕೇಳಿದರು. ಜೇಬಿನಿಂದ ಅದೇ ಕರೆಯೋಲೆ ತೆಗೆದು ಎಲ್ಲಾದರೂ ತೂರುತ್ತದೆಯೇ ಎಂದು ನೋಡಿದರು. ಎಲ್ಲೂ ತೂರಲಿಲ್ಲ. ಹತ್ತಕ್ಕೆ ಒಂಬತ್ತು ಎಂಬುದನ್ನು ಓದಿ, “ಒಂದು ಅಂಕ ಯಾಕ್ ಕಳೆದ್ರಿ ಮೇಷ್ಟ್ರೇ, ಜುಗ್ಗತನ” ಎಂದರು. ಆಮೇಲೆ ವಿನುತಾ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: “ನಮ್ಮನೇಗೆ ಎಷ್ಟು ಮಜ್ಜಿಗೆ ಬೇಕಾದೀತವ್ವ?”

“ಒಂದು ಬಿಂದಿಗೆ” ಎಂದರು ವಿನುತಾ.

ಮತದಾನದ ಚೀಟಿಗಳು ನನ್ನ ಚೀಲದಲ್ಲೇ ಉಳಿದವು.

ಮುಂದಿನ ಭಾನುವಾರ ಮೇಘಮಂದಾರದಲ್ಲಿ ನಡೆದದ್ದನ್ನು ನೋಡಿಯೇ ನಂಬಬೇಕು. ಬೆಳಗ್ಗೆ ಏಳಕ್ಕೆ ಇನ್ನೂರ ನಲವತ್ತೈದು ಮನೆಗಳಲ್ಲಿ ಸುಣ್ಣದ ನೀರು ಗೋಡೆಗೆ ತಾಗಿತು, ಮರೆತುಹೋಗಿದ್ದ ಬೊಟ್ಟುಗಳೆಲ್ಲ ಕೆಂಪಗೆ ಮೂಡಿದವು. ‘ಇದು ನಮ್ಮತ್ತೆ ಇಟ್ಟಿದ್ದು’, ‘ಇದು ಚಿಕ್ಕಮ್ಮಂದು, ಅವಳ ಬೆರಳು ದಪ್ಪ’ ಎಂದು ಮನೆ ಮನೆಯಲ್ಲಿ ಗುರುತು ಹಿಡಿದರು. ಷಡಕ್ಷರಿಯವರ ಹಾಲಂತೂ ಓಕುಳಿಯಾಡಿದಂತಿತ್ತು. ಅವರ ಬಿಳಿ ಪಂಚೆ ಗುಲಾಬಿ ಬಣ್ಣಕ್ಕೆ ತಿರುಗಿತು, ಇವತ್ತಿಗೂ ಅದನ್ನೇ ಉಟ್ಟು ವಾಕಿಂಗ್ ಬರುತ್ತಾರೆ. ಒಂದು ವಾರ ಇಡೀ ಕಟ್ಟಡ ಮಜ್ಜಿಗೆ ಗಡಿಗೆಯಂತೆ ನಾರಿತು. ಇಪ್ಪತ್ತನೆಯ ದಿನಕ್ಕೆ ಗೋಡೆ ಕೋಣೆಯ ಪರದೆ ಮೇಲಿಂದ ಕೆಳಗಿನವರೆಗೆ ಹಸಿರಾಯಿತು, ಕೆರೆಯಾಚೆಯ ಏಳು ಕಟ್ಟಡಗಳವರು ಸಾಲಾಗಿ ಬಂದು ಅದನ್ನು ನೋಡಿ, ತಮಗೂ ಇದೇ ಗಾರೆ ಬೇಕೆಂದು ಹೇಳಿ ಹೋದರು.

ಕೊನೆಗೆ ಒಂದು ಶುಕ್ರವಾರ ಬೆಳಗ್ಗೆ, ಎರಡೂವರೆ ವರ್ಷ ತಡವಾಗಿ, ಒಂಬತ್ತನೆಯ ಮಹಡಿಯಲ್ಲಿ ವಿನುತಾ ಗೃಹಪ್ರವೇಶ ಮಾಡಿಕೊಂಡರು. ಷಡಕ್ಷರಿಯವರು ಯಾರ ಮಾತನ್ನೂ ಕೇಳದೆ ಹಸುವನ್ನು ಲಿಫ್ಟಿನಲ್ಲಿ ಕರೆತಂದರು. ಹಾಲು ಉಕ್ಕಿತು. ಗೌರಾಂಬ ಅರಿಶಿನದ ಬಟ್ಟಲನ್ನು ವಿನುತಾ ಮುಂದೆ ಹಿಡಿದಳು.

“ನೀವೇ ಇಡಿ ಆಂಟಿ.”

“ನಿನ್ನ ಗೋಡೆ ಕಣಮ್ಮ. ನೀನೇ ಇಡಬೇಕು.”

ಇಡೀ ಕಟ್ಟಡದಲ್ಲಿ ಒಮ್ಮೆಯೂ ಬಳಲದ ಮೂರು ಮನೆಗಳಲ್ಲೊಂದರ ಗೋಡೆ ಅದು. ಅರಿಶಿನ ತಾಗಿದ ಜಾಗ ಸಾಯುತ್ತದೆಂದು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. ಬೆರಳು ಅದ್ದಿಕೊಂಡು, ಇನ್ನೊಂದು ಕೈಯಿಂದ ಗೋಡೆಯನ್ನೊಮ್ಮೆ ಸವರಿದರು. ಆಮೇಲೆ ಪೂರ್ವದ ಗೋಡೆಗೆ ಒಂದು, ಎರಡು, ಮೂರು ಎಂದು ಒತ್ತಿ ಇಟ್ಟರು. ಗೌರಾಂಬ ಆರತಿ ಎತ್ತಿ, ಕೆಂಪು ನೀರನ್ನು ಬೊಟ್ಟುಗಳ ಮೇಲೆ ಸವರಿ, ಲೋಟದ ಮಜ್ಜಿಗೆಯನ್ನು ಬ್ರಶ್ಶಿನಲ್ಲಿ ಬಳಿದಳು. ಅಷ್ಟರಲ್ಲಿ ಷಡಕ್ಷರಿಯವರ ಕೈ ತಪ್ಪಿಸಿಕೊಂಡ ಹಸು ಬಂದು ಮಜ್ಜಿಗೆಯ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ ಚೆನ್ನಾಗಿ ನೆಕ್ಕಿತು.

“ಈ ಪರೀಕ್ಷೆನೂ ಮಾಡಿರಲಿಲ್ಲ ಸರ್” ಎಂದು ವಿನುತಾ ಕಣ್ಣೊರೆಸಿಕೊಂಡು ನಕ್ಕರು.

ಮರುದಿನ ಪರದೆಯ ಮೇಲೆ ಅವರ ಮನೆಯ ಪೂರ್ವದ ಗೋಡೆಯಲ್ಲಿ ಮೂರು ಕಪ್ಪು ಚುಕ್ಕೆಗಳಿದ್ದವು. ವಿನುತಾ ಅದನ್ನು ನೋಡಿ, ಪರದೆ ಆರಿಸಿ, ನಮ್ಮ ಮನೆಗೆ ಊಟಕ್ಕೆ ಬಂದರು. ಐದನೆಯ ದಿನಕ್ಕೆ ಮೂರೂ ಹಸಿರಾಗಿದ್ದವು.